ತೂಕದ ಚೀಟಿ

ಸೋಮವಾರ ಸೋಮವಾರ ನಮ್ಮನ್ನು ತೂಗುತ್ತಾರೆ.

ಮೂವತ್ತೊಂದು ವರ್ಷ ಮಂಡ್ಯದ ಫ್ಯಾಕ್ಟರಿ ಗೇಟಿನಲ್ಲಿ
ಕಬ್ಬಿನ ಗಾಡಿ ತೂಗಿದವನು ನಾನು, ಬೋರಲಿಂಗಯ್ಯ.
ಕಟ್ಟೆಯ ಅಂಚಿಗೆ ಮೆಲ್ಲಗೆ ಕಾಲೂರಿ ನಿಂತ ರೈತನನ್ನು
ಕಣ್ಣಲ್ಲೇ ಕೆಳಗಿಳಿಸಿದವನು.
ಈಗ ಮೈಸೂರಿನ ಆಸ್ಪತ್ರೆ, ಮೂರನೇ ಮಹಡಿ,
ಚಪ್ಪಲಿ ಬಿಟ್ಟು ನಾನೇ ಹತ್ತುತ್ತೇನೆ.
ನಲವತ್ತೊಂಬತ್ತು.
ಕಬ್ಬಾಗಿದ್ದರೆ ಹೇಳುತ್ತಿದ್ದೆ:
ಕಡಿದು ವಾರವಾಯಿತಲ್ಲೋ, ಒಣಗಿಸಿಕೊಂಡು ತಂದಿದ್ದೀಯ.

ನನ್ನ ಹಿಂದೆ ಇಂಚರ. ಚಿನಕುರಳಿ ಕಡೆಯವಳು, ಹದಿನೇಳು.
ಮೂವತ್ತನಾಲ್ಕೂವರೆ.
'ತಾತ, ಅದ್ರಲ್ಲಿ ಅರ್ಧ ಕೇಜಿ ನನ್ ಜಡೇದು'
ಅಂದಿದ್ದಳು ಮೊದಲ ವಾರ.
ನಾಲ್ಕನೆಯ ವಾರ ಆ ಮಾತು ಆಡಲಿಲ್ಲ.

ಇಬ್ಬರ ಫೈಲಿನ ಮೇಲೂ ಒಂದೇ ಹೆಸರು,
ಜಠರದ ಕ್ಯಾನ್ಸರು.

ನನ್ನದು ಬೇಗ ಸಿಕ್ಕಿತು.
ಮುದ್ದೆ ಇಳಿಯುತ್ತಿಲ್ಲ ಅಂದೆ.
ವಯಸ್ಸೆಷ್ಟು ಅಂದರು. ಅರವತ್ತಾರು ಅಂದೆ.
ಮಾರನೆಯ ದಿನವೇ ಗಂಟಲಲ್ಲಿ ಪೈಪು.

ಅವಳಿಗೆ ಹನ್ನೊಂದು ತಿಂಗಳು.
ಗ್ಯಾಸ್ಟ್ರಿಕ್ ಅಂದರು.
ತಿಂಡಿ ಬಿಟ್ಟು ಬಸ್ಸಿಗೆ ಓಡ್ತಾಳೆ, ಅದಕ್ಕೇ ಅಂದರು.
ಗೋಬಿ ಮಂಚೂರಿ ಅಂದರು, ಪರೀಕ್ಷೆಯ ಭಯ ಅಂದರು,
ದೃಷ್ಟಿ ಅಂತ ಮೆಣಸಿನಕಾಯಿ ನಿವಾಳಿಸಿದರು,
ರಕ್ತ ಕಮ್ಮಿ, ಬೀಟ್‌ರೂಟ್ ಕೊಡಿ ಅಂದರು.
ಸಣ್ಣಗಾದಾಗ ಗೆಳತಿಯರು
ಚೆಂದ ಕಾಣ್ತೀಯ ಕಣೇ ಅಂದರು.

ಯಾರ ಮೇಲೆ ಸಿಟ್ಟಾಗಲಿ?
ಆ ವಯಸ್ಸಿನ ಹೊಟ್ಟೆನೋವಿಗೆ ಆ ಮಾತೇ ಸರಿ,
ಬಂದ ಬಂದವರಿಗೆಲ್ಲ ಸರಿ.
ನಾನೂ ಸೀಜನ್ನಿನ ನಡುರಾತ್ರಿ
ಸಾಲು ಹಳ್ಳದವರೆಗೆ ನಿಂತಿದ್ದಾಗ
ಇಣುಕದೆ ಬಿಟ್ಟಿದ್ದೇನೆ ಗಾಡಿಗಳನ್ನು,
ಹೋಗ್ ಹೋಗ್ ಅಂತ ಕೈಬೀಸಿ.

ಚಿಕ್ಕ ಡಾಕ್ಟರು ಚೀಟಿಯ ಬೆನ್ನಿಗೆ ಚೀಲವೊಂದು ಬರೆದು ತೋರಿಸಿದರು.
ನನ್ನದು ಗೆಡ್ಡೆ. ಒಂದೇ ಕಡೆ ಕೂತಿದೆ,
ಪೈಪಿನ ಕಣ್ಣಿಗೆ ಬೀಳುತ್ತದೆ.
ಅವಳದು ಗೆಡ್ಡೆ ಕಟ್ಟಲೇ ಇಲ್ಲ.
ಚೆಲ್ಲು ಬಿತ್ತನೆಯ ರಾಗಿಯ ಹಾಗೆ
ಹೊಟ್ಟೆಯ ಗೋಡೆಯೊಳಗೊಳಗೇ ಹರಡಿಕೊಂಡು
ಮೇಲೆ ಮಾತ್ರ ನೆಲ ನುಣ್ಣಗೆ.
ಎಳೆಯರಲ್ಲಿ ಇದು ಬರುವುದೇ ಅಪರೂಪ, ಅಂದರು,
ಬಂದರೆ ಹೆಚ್ಚಾಗಿ ಹೀಗೆ.

ದುರ್ಬೀನಿನಡಿ ಅದರ ಕಣಗಳು
ಉಂಗುರದ ಹಾಗೆ ಕಾಣುತ್ತವಂತೆ.
'ಉಂಗುರವಾ?' ಅಂದರು ಜಯಶೀಲಮ್ಮ, ಅವಳ ತಾಯಿ,
ಬರಿಬೆರಳನ್ನು ಸೆರಗಿನೊಳಗೆ ಎಳೆದುಕೊಂಡು.
ಅವರದು ಪಾಂಡವಪುರದ ಬ್ಯಾಂಕಿನಲ್ಲಿ ಅಡವಿತ್ತು.

ನನಗೆ ಕಾರಣ ಕೇಳಿ, ಪಟ್ಟಿ ಕೊಡುತ್ತೇನೆ:
ನಲವತ್ತು ವರ್ಷದ ಬೀಡಿ, ಉಪ್ಪುಮೀನು,
ನೈಟ್ ಶಿಫ್ಟಿನ ತಣ್ಣನೆ ಅನ್ನ, ಮತ್ತೆ ಈ ವಯಸ್ಸು.
ಲೆಕ್ಕ ತಾಳೆಯಾಗುತ್ತದೆ.
'ನಾನು ಏನು ತಿನ್ನಿಸಬಾರದಿತ್ತು ಸಾರ್?'
ಜಯಶೀಲಮ್ಮ ಕೇಳಿದರು.
ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು.
ಮತ್ತೆ ತೆಗೆದರು.
ಏನೂ ಬರೆಯಲಿಲ್ಲ.

ಕೆಲವು ರಾತ್ರಿ, ಬಸ್ಸುಗಳ ಹಾರನ್ನು ನಿಂತ ಮೇಲೆ,
ಗಣಿತದ ಸೂತ್ರ ಬಾಯಿಪಾಠ ಮಾಡುತ್ತಾಳೆ ಅವಳು,
ಡ್ರಿಪ್ಪಿನ ಹನಿಗೆ ತಾಳ ಹಾಕಿ.
ನನಗೆ ಅರ್ಥವಾಗದು. ಆದರೂ
ತಪ್ಪಿದರೆ ತಿಳಿಯುತ್ತದೆ, ಹನಿ ಮುಂದೆ ಹೋಗಿರುತ್ತದೆ.

ಈ ಸೋಮವಾರ
ಭೌತಶಾಸ್ತ್ರದ ದಪ್ಪ ಪುಸ್ತಕ ಎದೆಗವಚಿಕೊಂಡೇ ಹತ್ತಿಬಿಟ್ಟಳು.
ಮೂವತ್ತನಾಲ್ಕು ಅಂತು ಯಂತ್ರ.
ಜಯಶೀಲಮ್ಮನ ಮುಖದಲ್ಲಿ ಒಂದಿಷ್ಟು ಬೆಳಕು.
ನಾನು ನೋಡಿದೆ. ಮೂವತ್ತೊಂದು ವರ್ಷದ ಕಣ್ಣು ಇದು.
ನೋಡದವನ ಹಾಗೆ ಕಿಟಕಿಯ ಕಡೆ ತಿರುಗಿದೆ.
ನನ್ನ ಸರ್ವಿಸಿನಲ್ಲಿ ಇದೇ ಮೊದಲು.

ನರ್ಸಮ್ಮ ಬಿಡಲಿಲ್ಲ.
'ಪುಸ್ತಕ ಇಳಿಸಮ್ಮ. ಔಷಧಿ ಲೆಕ್ಕ ಇದರ ಮೇಲೇ ನಿಂತಿರೋದು.'

ಸರಿ ತಾನೇ. ನಾನೂ ಅದನ್ನೇ ಹೇಳಬೇಕಿತ್ತು.

ಅವಳು ಸುತ್ತ ನೋಡಿ, ನನ್ನ ಕೈಗೆ ಕೊಟ್ಟಳು.
ಯಂತ್ರದ ಅಂಕಿ ಕೆಳಗಿಳಿಯುವುದನ್ನು ನಾನು ನೋಡಲಿಲ್ಲ.
ಒಂದೂಕಾಲು ಕೇಜಿ ಇರಬೇಕು, ಐವತ್ತು ಗ್ರಾಂ ಆಚೀಚೆ.
ಕೈಗೇ ಗೊತ್ತಾಗುತ್ತದೆ ನನಗೆ.